ಸತ್ತವನ ತಪ್ಪು

ವಿಮಾ ಕಚೇರಿಯ ಬೆಂಚಿನ ಮೇಲೆ ಅಕ್ಕ ಕಾಲು ಒಳಗೆ ಎಳೆದುಕೊಂಡು ಕೂತಿದ್ದಳು. ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ಪಿನ್ನು ಚುಚ್ಚಿದ್ದಳು. ಅದು ಯಾರ ಕಣ್ಣಿಗೂ ಬೀಳಬಾರದು.

ಅವಳ ಗಂಡನನ್ನು ನಾವು ಬಾಯ್ಲರ್ ಅಣ್ಣ ಅನ್ನುತ್ತಿದ್ದೆವು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನಾನು ಬಟ್ಟೆ ಮಡಿಸುತ್ತೇನೆ, ಅವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬಾಯ್ಲರ್ ಸಿಡಿದು ಸತ್ತ. ಕೆಲಸದವರ ಹೆಸರಲ್ಲಿ ಕಾರ್ಖಾನೆ ಮಾಡಿಸಿದ್ದ ವಿಮೆಯ ದುಡ್ಡು ಅಕ್ಕನಿಗೆ ಬರಬೇಕಿತ್ತು. ಅಕ್ಕ ನಮ್ಮ ಪಕ್ಕದ ಮನೆ, ಅದಕ್ಕೇ ಜೊತೆಗೆ ಹೋಗಿದ್ದೆ.

"ದುಡ್ಡು ಕೊಡೋದಕ್ಕೆ ನಮ್ದೇನೂ ತಕರಾರಿಲ್ಲ ಅಮ್ಮ. ಇಂಡೆಮ್ನಿಟಿ ಬಾಂಡ್ ಒಂದು ಬೇಕು" ಅಂದ ಗುಮಾಸ್ತ.

"ಹಾಗಂದ್ರೆ?"

"ನಾಳೆ ಇನ್ಯಾರೋ ಬಂದು ನಾವೂ ವಾರಸುದಾರರು ಅಂದ್ರೆ ಕಂಪನಿಗೆ ನಷ್ಟ ಆಗ್ಬಾರ್ದಲ್ಲ? ನಷ್ಟ ಆದ್ರೆ ನಾವು ತುಂಬ್ಕೊಡ್ತೀವಿ ಅಂತ ಬರ್ಕೊಡೋದು. ಸ್ವಂತ ಮನೆ ಇರೋ ಇಬ್ರು ಜಾಮೀನು ಹಾಕ್ಬೇಕು."

ಅಕ್ಕ ನನ್ನ ಮುಖ ನೋಡಿದಳು. ನಮ್ಮ ಮನೆಗಳ ಸಾಲಿನಲ್ಲಿ ಸ್ವಂತದ್ದು ಅಂತ ಇರುವುದು ಒಂದು ಬೆಕ್ಕು. ಅದು ನಮ್ಮದು ಅನ್ನುವವರೂ ನಾಲ್ಕು ಮನೆಯವರಿದ್ದಾರೆ.

ದಿನಸಿ ಅಂಗಡಿಯವನನ್ನು ಕೇಳಿದೆವು. "ಉದ್ರಿ ಬೇಕಾದ್ರೆ ಒಯ್ಯಮ್ಮ, ಸಹಿ ಮಾತ್ರ ಕೇಳ್ಬೇಡ" ಅಂದ. ಮನೆ ಬಾಡಿಗೆಗೆ ಕೊಟ್ಟವನು ಬಾಗಿಲನ್ನೇ ತೆರೆಯಲಿಲ್ಲ.

ಆಗ ಅಕ್ಕನ ಮೈದುನ ಸುದ್ದಿ ತಂದ. ಅವನೂ ಬಾಯ್ಲರ್ ಮನೆಯಲ್ಲೇ ಅಣ್ಣನ ಕೈಕೆಳಗೆ ಇದ್ದವನು.

"ಅತ್ತಿಗೆ, ನಮ್ ಕಾರ್ಖಾನೆ ಮ್ಯಾನೇಜರೇ ಜಾಮೀನು ಹಾಕ್ತಾರಂತೆ. ಇನ್ನೊಬ್ರನ್ನೂ ಅವ್ರೇ ಕರ್ಕೊಂಡ್ ಬರ್ತಾರಂತೆ." ಹೇಳುವಾಗ ಅವಳ ಕಡೆ ತಿರುಗಲಿಲ್ಲ.

ಮ್ಯಾನೇಜರು ನಮ್ಮ ಮೂವರಿಗೂ ಕುರ್ಚಿ ಹಾಕಿಸಿದರು, ಟೀ ತರಿಸಿದರು. ಅಷ್ಟು ವರ್ಷ ದುಡಿದ ಬಾಯ್ಲರ್ ಅಣ್ಣ ಆ ಕುರ್ಚಿಯ ಹತ್ತಿರಕ್ಕೂ ಹೋದವನಲ್ಲ. ಮೇಜಿನ ಮೇಲೆ ಬಾಂಡು ಇತ್ತು. ಅದರ ಕೆಳಗೆ ಇನ್ನೊಂದು ಹಾಳೆ.

"ಇದೇನು ಸಾರ್?"

"ಏನಿಲ್ಲಮ್ಮ, ಸುಮ್ನೆ ಫೈಲಿಗೆ."

ಅಕ್ಕ ನಿಧಾನವಾಗಿ ಓದಿದಳು. 'ಎಚ್ಚರಿಕೆ ಕೊಟ್ಟರೂ ಕೇಳದೆ ನನ್ನ ಗಂಡ ತನ್ನಿಷ್ಟದಂತೆ ಸೇಫ್ಟಿ ವಾಲ್ವಿಗೆ ತಂತಿ ಬಿಗಿದ ಕಾರಣ ಅಪಘಾತ ಸಂಭವಿಸಿರುತ್ತದೆ.' ಆವಿ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳುವ ವಾಲ್ವು ಅದು.

"ಅವ್ರು ಹಾಗೆ ಮಾಡೋರಲ್ಲ ಸಾರ್."

"ಸತ್ತವನಿಗೆ ಈಗ ಒಳ್ಳೆ ಹೆಸರು ಯಾಕಮ್ಮ? ಇರೋರ ಹೊಟ್ಟೆ ನೋಡು. ಎರಡಕ್ಕೂ ಸಹಿ ಹಾಕು, ನಾನೂ ಹಾಕ್ತೀನಿ."

ಅಕ್ಕ ಮೈದುನನ ಕಡೆ ತಿರುಗಿದಳು.

"ನೀನು ಅಲ್ಲೇ ಇದ್ದೆಯಲ್ಲ. ತಂತಿ ಕಟ್ಟಿದ್ದು ಅವ್ರಾ?"

ಮೈದುನ ಟೀ ಲೋಟ ಮೇಜಿನ ಮೇಲಿಟ್ಟ.

"ಆವಿ ಪೋಲಾಗ್ತಿದೆ, ಕಟ್ಟಿಹಾಕಿ ಅಂತ ಸಾರೇ ಹೇಳಿದ್ರು. ಅಣ್ಣ ಆಗಲ್ಲ ಅಂದ. ಅವನು ಊಟಕ್ಕೆ ಹೋದಾಗ ನನ್ನ ಕೈಲಿ ಕಟ್ಟಿಸಿದ್ರು. ಕೆಲ್ಸ ಹೋಗುತ್ತೆ ಅಂತ ಕಟ್ಟಿದೆ ಅತ್ತಿಗೆ. ಅಣ್ಣ ವಾಪಸ್ ಬಂದು ನೋಡೋದ್ರೊಳಗೆ ಸಿಡೀತು."

ಮ್ಯಾನೇಜರು ಮೇಜು ಗುದ್ದಿದರು. ಅಕ್ಕ ಪೆನ್ನು ಕೆಳಗಿಟ್ಟಳು.

"ಏಳು. ಇದನ್ನ ವಿಮೆಯವರ ಮುಂದೆ ಹೇಳು ಬಾ."

ಅವನು ಬಂದು ಹೇಳಿದ. ಗುಮಾಸ್ತ ಎಲ್ಲ ಬರೆದುಕೊಂಡ. ಕೆಲವು ದಿನಕ್ಕೆ ಪತ್ರ ಬಂತು. 'ಮಾಲೀಕರ ಕಡೆಯಿಂದಲೇ ಷರತ್ತಿನ ಉಲ್ಲಂಘನೆಯಾಗಿರುವುದರಿಂದ ತಮ್ಮ ಕ್ಲೇಮನ್ನು ತಿರಸ್ಕರಿಸಲಾಗಿದೆ. ಸಹಕಾರಕ್ಕೆ ಧನ್ಯವಾದಗಳು.'

ಅಕ್ಕ ಪತ್ರ ಹಿಡಿದು ಮತ್ತೆ ಹೋದಳು.

"ನನ್ನ ಗಂಡನ ತಪ್ಪಾದ್ರೆ ದುಡ್ಡು ಕೊಡ್ತೀರಿ. ಮಾಲೀಕನ ತಪ್ಪಾದ್ರೆ ಕೊಡಲ್ಲ. ಇದ್ಯಾವ ನ್ಯಾಯ?"

"ನಿಯಮ ನಾನು ಮಾಡಿದ್ದಲ್ಲ ಅಮ್ಮ" ಅಂದ ಗುಮಾಸ್ತ. ಪಾಪ, ಅವನಿಗೂ ತಲೆಯೆತ್ತಲು ಆಗಲಿಲ್ಲ. "ಮಾಲೀಕರ ಮೇಲೆ ಕೋರ್ಟಿಗೆ ಹೋಗಿ."

ಮೈದುನನ ಕೆಲಸ ಹೋಯಿತು. ಅಕ್ಕ ಅವನ ಜೊತೆ ಮಾತು ಬಿಟ್ಟಳು. ಊಟದ ಹೊತ್ತಿಗೆ ತಟ್ಟೆ ಮಾತ್ರ ಇಡುತ್ತಿದ್ದಳು. ಅವನು ತಲೆ ತಗ್ಗಿಸಿ ಉಂಡು ಕೂಲಿ ಹುಡುಕಲು ಹೋಗುತ್ತಿದ್ದ.

ಕಾರ್ಖಾನೆಗೆ ಹೊಸ ಬಾಯ್ಲರ್ ಬಂತು. ಅದರ ಜೊತೆಗೇ ನಮಗೆಲ್ಲ ಒಂದೊಂದು ಹಾಳೆ. ಸಹಿ ಹಾಕಿದವರಿಗಷ್ಟೇ ಗೇಟಿನೊಳಗೆ ಪ್ರವೇಶ ಅಂದ ಕಾವಲಿನವನು. ನಮ್ಮಲ್ಲಿ ಅರ್ಧ ಜನಕ್ಕೆ ಓದು ಬರದು, ಬರುವವರಿಗೆ ಆ ಕಚೇರಿ ಕನ್ನಡ ತಿಳಿಯದು.

ನಾನು ಓಡಿಹೋಗಿ ಅಕ್ಕನನ್ನು ಕರೆತಂದೆ. ಅಂಥ ಹಾಳೆಯ ಮಾತು ಅವಳಿಗೆ ಆಗಲೇ ಅಭ್ಯಾಸವಾಗಿತ್ತು. ಗೇಟಿನ ಪಕ್ಕದ ಕಲ್ಲಿನ ಮೇಲೆ ನಿಂತು ಗಟ್ಟಿಯಾಗಿ ಓದಿದಳು.

"'ಕೆಲಸದ ವೇಳೆಯಲ್ಲಿ ನನಗೆ ಆಗುವ ಯಾವುದೇ ಹಾನಿಗೆ ನಾನೇ ಹೊಣೆ.' ಅಂದ್ರೆ ನೀವು ಸತ್ರೆ ತಪ್ಪು ನಿಮ್ದೇ ಅಂತ ಈಗ್ಲೇ ಬರ್ಕೊಡ್ಬೇಕು. ಒಪ್ಪಿಗೆನಾ?"

ಮೊದಲು ಬಣ್ಣದ ತೊಟ್ಟಿಯ ಮುದುಕ "ಇಲ್ಲ" ಅಂದ. ಆಮೇಲೆ ನಾನು. ಆಮೇಲೆ ಯಾರ್ಯಾರು ಅಂತ ಗೊತ್ತಾಗಲಿಲ್ಲ. ಗುಂಪಿನ ಹಿಂದೆ ಮೈದುನನ ದನಿಯೂ ಕೇಳಿಸಿತು.

"ಮುಂದಿನ ಸಾಲು ಓದ್ತೀನಿ, ಕೇಳಿ" ಅಂದಳು ಅಕ್ಕ.

ಮ್ಯಾನೇಜರು ಮಹಡಿಯಿಂದ ಇಳಿದು ಬಂದು, ಬಾಯ್ಲರಿಗೆ ಬೆಂಕಿ ಹಾಕಿ ಅಂತ ಕೂಗಿದರು. ಹಾಕಲು ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಗೇಟಿನ ಹೊರಗೇ ಇದ್ದೆವು.