ಕೊಳಗದ ಮೇಲಿನ ನಾಂಚಾರಮ್ಮ

ಮಂಗಳವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ತೆನಾಲಿಯಲ್ಲಿ ಕೊಲ್ಲಿಪರ ನಾಂಚಾರಮ್ಮ ತೀರಿಕೊಂಡರು. ಆಕೆಯನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಸುದ್ದಿ ತಂದವಳು ಪಕ್ಕದ ಬೀದಿಯಲ್ಲಿರುವ ನನ್ನ ಸೋದರತ್ತೆ ಕನಕರತ್ನಮ್ಮ, ವಯಸ್ಸು ಎಪ್ಪತ್ತೆಂಟು. ಪತ್ರಿಕೆಯ ಕಚೇರಿಯಲ್ಲಿ ನನ್ನ ಮೇಜಿನೆದುರು ಕೂತು, "ಬರ್ಕೋ ಫಣಿ," ಅಂದಳು.

"ಯಾವ ನಾಂಚಾರಮ್ಮ ಅತ್ತೆ?"

"ನಿಮ್ಮನೆ ಕೊಳಗದವಳು."

ಹಂಡೆಯಂಥ ಆ ದೊಡ್ಡ ಹಿತ್ತಾಳೆ ಕೊಳಗ ಬಂದದ್ದು 1974ರಲ್ಲಿ, ಅಪ್ಪ ಅಮ್ಮನ ಮದುವೆಗೆ. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಆ ಹೆಸರು ಕೆತ್ತಿದೆ. ಕೊಟ್ಟವರ ಹೆಸರಿಲ್ಲದ ಪಾತ್ರೆ ನಮ್ಮ ಕಡೆ ಮದುವೆಮನೆಯ ಹೊಸ್ತಿಲು ದಾಟುವುದಿಲ್ಲ. ಆಕೆ ಗಂಡಿನ ಕಡೆಯವಳೆಂದು ಅಮ್ಮ ತಿಳಿದಳು, ಹೆಣ್ಣಿನ ಕಡೆಯವಳೆಂದು ಅಪ್ಪ ತಿಳಿದರು. ಕೇಳಿದರೆ ಬೀಗರಿಗೆ ಬೇಸರವಾದೀತೆಂದು ಇಬ್ಬರೂ ಕೇಳಲಿಲ್ಲ.

ಕೊಟ್ಟವಳು ಅತ್ತೆ. ಅಂಗಡಿಯಲ್ಲಿ ಹೆಸರು ಕೆತ್ತುವವನು ಆ ದಿನ ಇಬ್ಬರು ಗಿರಾಕಿಗಳ ಕೊಳಗ ಅದಲುಬದಲು ಮಾಡಿದ್ದ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಆಕೆ ಸಾಕ್ಷರತೆಯ ತರಗತಿಗೆ ಸೇರಿದ್ದು ತೊಂಬತ್ತೊಂದರಲ್ಲಿ. ಅಕ್ಷರ ಕೂಡಿಸಿ ಮೊದಲು ಓದಿದ್ದು ಈ ಕೊಳಗವನ್ನೇ. ಅಷ್ಟರಲ್ಲಿ ಹದಿನೇಳು ವರ್ಷ ದಿನಕ್ಕೆರಡು ಸಲ ಸ್ನಾನದ ನೀರು ಕಾಸುತ್ತ ನಾವು ನಾಂಚಾರಮ್ಮನ ಹೆಸರು ಓದಿದ್ದೆವು. ನಮ್ಮ ಮನೆಯ ಮಟ್ಟಿಗೆ ಆಕೆ ಬೆಳ್ಳಗಿದ್ದಳು. ಉದ್ದಿನ ಸುನ್ನುಂಡೆಯಲ್ಲಿ ಆಕೆಯ ಕೈ ಯಾರಿಗೂ ಬರದು. ಎಪ್ಪತ್ತೇಳರ ಚಂಡಮಾರುತದಲ್ಲಿ, ಅಪ್ಪ ಅಮ್ಮ ಗುಂಟೂರಿನ ಆಸ್ಪತ್ರೆಯಲ್ಲಿದ್ದಾಗ, ಎಂಟು ತಿಂಗಳ ನನ್ನನ್ನು ಇದೇ ಕೊಳಗದಲ್ಲಿ ಮಲಗಿಸಿ, ಎದೆಮಟ್ಟದ ನೀರಿನಲ್ಲಿ ತೇಲಿಸಿಕೊಂಡು ರೇಪಲ್ಲೆಯ ಅಕ್ಕಿ ಗಿರಣಿಯ ಮಹಡಿಗೆ ಮುಟ್ಟಿಸಿದವಳೂ ಆಕೆಯೇ. ದೀಪದ ಕಂಬಕ್ಕೆ ಬಡಿದ ತಗ್ಗು ಕೊಳಗದ ಮೈಮೇಲೆ ಇತ್ತು.

"ಅದು ನಾನು ಕಣೋ," ಎಂದು ಅತ್ತೆ ಮೂವತ್ತು ವರ್ಷದಿಂದ ಹೇಳುತ್ತಿದ್ದಳು.

"ಕೊಳಗದ ಮೇಲೆ ಹಾಗಿಲ್ಲವಲ್ಲ ಅತ್ತೆ," ಎಂದು ನಾನು ಹೇಳುತ್ತಿದ್ದೆ. ಬರಹ ಕಣ್ಣೆದುರಿಗಿರುವಾಗ ಬಾಯಿಮಾತು ನಂಬುವುದು ನನ್ನ ಕೆಲಸದಲ್ಲಿ ತಪ್ಪು.

"ನಾನು ಹೋಗೋದ್ರೊಳಗೆ ಅವಳು ಹೋಗ್ಬೇಕು," ಅಂದಳು ಈಗ. "ನಾನು ಮಾಡಿದ್ದು ಆಮೇಲಾದ್ರೂ ನನ್ನ ಪಾಲಿಗೆ ಬರುತ್ತೇನೋ ನೋಡೋಣ."

"ಸಾವಿಗೆ ಕಾರಣ?"

"ವಯಸ್ಸು."

ನಿಧನ ವಾರ್ತೆಗೆ ಬಂಧುಗಳ ಸಹಿ ಸಾಕು. ಅತ್ತೆ ಹಾಕಿದಳು. ಬುಧವಾರ ಚಂಡಮಾರುತದ ಸಂಗತಿಯ ಸಮೇತ ಅಚ್ಚಾಯಿತು.

ಅಮ್ಮ ಓದಿ ತಲೆಗೆ ಸ್ನಾನ ಮಾಡಿದಳು. ಕೊಳಗವನ್ನು ಹಜಾರದಲ್ಲಿಟ್ಟು ಹಾರ ಹಾಕಿ ದೀಪ ಹಚ್ಚಿದಳು. ಅಕ್ಕಪಕ್ಕದವರು ಇಡ್ಲಿ ತಂದರು.

"ನಮ್ಮ ಹುಡುಗಿಗೆ ದಡಾರ ಬಂದಾಗ ಹತ್ತು ದಿನ ಪಕ್ಕದಲ್ಲಿ ಕೂತು ಬೇವಿನೆಲೆ ಬೀಸಿದ ಮಹಾತಾಯಿ," ಎಂದಳು ಎದುರುಮನೆ ಬುಲ್ಲೆಮ್ಮ.

"ಬೀಸಿದ್ದು ನಾನು," ಎಂದಳು ಅತ್ತೆ.

"ಪಾಪ, ಸಂಕಟಕ್ಕೆ ಏನೇನೋ ಅಂತಾಳೆ. ಅವಳಿಗೊಂದು ಲೋಟ ಕಾಫಿ ಕೊಡ್ರೇ."

ಗುರುವಾರ ಹನ್ನೊಂದಕ್ಕೆ ಬಾಗಿಲಲ್ಲಿ ಆಟೋ ನಿಂತಿತು. ಕಪ್ಪಗೆ ಕುಳ್ಳಗಿದ್ದ ಮುದುಕಿಯೊಬ್ಬಳು ಬುಧವಾರದ ಪತ್ರಿಕೆ ಹಿಡಿದು ಇಳಿದಳು. ಹಿಂದೆ ಆಕೆಯ ಮಗ ಕೋಟಿಲಿಂಗಂ, ಕಂಕುಳಲ್ಲಿ ಹಿತ್ತಾಳೆ ಕೊಳಗ. ಅದರ ಕಂಠದ ಮೇಲೆ ಅತ್ತೆಯ ಹೆಸರಿತ್ತು.

"ನಾನು ಸತ್ತಿರೋದು ಈ ಮನೇಲೇನಾ?" ಎಂದಳು ಮುದುಕಿ.

ಅಮ್ಮ ಚಾಪೆ ಹಾಸಿದಳು. "ನೀವು ನಾಂಚಾರಮ್ಮನಿಗೆ ಏನಾಗಬೇಕು?"

"ನಾನೇ ನಾಂಚಾರಮ್ಮ."

"ಹೋಲಿಕೆ ಕಾಣಲ್ವಲ್ಲ. ಅವರು ಬೆಳ್ಳಗಿದ್ರು."

ನಾನು ಕೇಳಿದೆ, "ಎಪ್ಪತ್ತೇಳರ ನವೆಂಬರ್ ಹತ್ತೊಂಬತ್ತಕ್ಕೆ ನೀವೆಲ್ಲಿದ್ರಿ?"

"ಚೀರಾಲದಲ್ಲಿ. ಇವನನ್ನ ಹೆರ್ತಿದ್ದೆ." ಕೋಟಿಲಿಂಗಂ ಆಧಾರ್ ಕಾರ್ಡ್ ತೋರಿಸಿದ. ತಾರೀಖು ಅದೇ ಇತ್ತು. "ಮೊಣಕಾಲುದ್ದ ನೀರು ಕಂಡ್ರೂ ನಂಗೆ ತಲೆ ಸುತ್ತುತ್ತಪ್ಪ. ಮಗು ಬೇರೆ ತೇಲಿಸಿಕೊಂಡು ಹೋಗ್ತೀನಾ?" ಅಂದವಳು ಅತ್ತೆಯ ಕಡೆ ತಿರುಗಿದಳು. "ಕನಕರತ್ನಮ್ಮ ಅಂದ್ರೆ ನೀನೇನಾ? ನಾನು ಐವತ್ತು ವರ್ಷ ಕಟ್ಟಿದ ಸುನ್ನುಂಡೆಯೆಲ್ಲ ನಮ್ಮನೇಲಿ ನಿನ್ನ ಹೆಸರಿಗೆ ಹೋಗಿದೆ ತಾಯಿ."

ಹಾಗಾದರೆ ಉಳಿದವಳು ಒಬ್ಬಳೇ. ನಾನು ಅತ್ತೆಯತ್ತ ನೋಡಿದೆ.

"ಗಿರಣಿ ಮುಟ್ಟೋದ್ರೊಳಗೆ ನೀನು ಎರಡು ಸಲ ಉಚ್ಚೆ ಹೊಯ್ದೆ," ಅಂದಳು ಅತ್ತೆ. "ಕೊಳಗದೊಳಗೇ."

ಅವರವರ ಹೆಸರು ಅವರವರ ಮನೆಗೆ ಸೇರಲಿ ಎಂದು ಇಬ್ಬರು ಮುದುಕಿಯರೂ ಪಟ್ಟು ಹಿಡಿದರು. ಸಂಜೆ ನಾಲ್ಕು ಹತ್ತರ ರೈಲಿಗೆ ತಗ್ಗು ಬಿದ್ದಿದ್ದ ನಮ್ಮ ಕೊಳಗ ಚೀರಾಲಕ್ಕೆ ಹೋಯಿತು. ಹಾರ ತೆಗೆಯುವುದನ್ನು ಅಮ್ಮ ಮರೆತಿದ್ದಳು.

ಶುಕ್ರವಾರ ಐದನೇ ಪುಟದಲ್ಲಿ ನಾನು ಬರೆದ ತಿದ್ದುಪಡಿ ಬಂತು: ನಾಂಚಾರಮ್ಮ ಬದುಕಿದ್ದಾರೆ, ಮಗುವನ್ನು ಉಳಿಸಿದವರು ಕನಕರತ್ನಮ್ಮ, ತಪ್ಪಿಗೆ ವಿಷಾದಿಸುತ್ತೇವೆ. ಅತ್ತೆ ಅದನ್ನು ಕತ್ತರಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಭಾನುವಾರ ಬುಲ್ಲೆಮ್ಮ ಬಂದಾಗ ಅಮ್ಮ ಚೀರಾಲದಿಂದ ಬಂದ ಕೊಳಗದ ಮೇಲೆ ಕೈಯಾಡಿಸಿ, "ಇದೇ ನೋಡು," ಅಂದಳು. "ನಮ್ಮ ಅತ್ತಿಗೆ ಫಣೀನ ಇದರಲ್ಲೇ ತೇಲಿಸಿದ್ದು."

"ಒಂದು ತಗ್ಗು ಇತ್ತಲ್ಲ?"

"ಬಡಿಸಿ ಸರಿ ಮಾಡಿಸಿದ್ವಿ."

ಅತ್ತೆ ಅಲ್ಲೇ ಗೋಂಗೂರ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಹೂಂ," ಅಂದಳು.

ಎರಡನೆಯ ತಿದ್ದುಪಡಿಯನ್ನು ನಾನು ಕಳುಹಿಸಲಿಲ್ಲ.