ಗಂಗವ್ವನ ಹೆಸರಿನ ನಡುವಿನ ಅಲ್ಪವಿರಾಮ

ನಾನು ಒಂದು ಅಲ್ಪವಿರಾಮ. ಬೈಲಹೊಂಗಲದ ಒಂದು ವಾಚನಾಲಯದಲ್ಲಿ, ಗ್ರಂಥಪಾಲಕ ವಾಮನರಾಯರ ಶಾಯಿ ಪೆನ್ನಿನಿಂದ ಹುಟ್ಟಿದೆ. ಪುಸ್ತಕದ ವಿವರ ಬರೆದಿಡುವ ದಪ್ಪ ಕಾರ್ಡಿನ ಮೇಲೆ ಅವರು ಮೊದಲು ‘ಬೂದಿಹಾಳ’ ಎಂದು ಅಡ್ಡಹೆಸರು ಬರೆದು, ನನ್ನನ್ನು ಇಟ್ಟು, ಆಮೇಲೆ ‘ಗಂಗವ್ವ’ ಎಂದು ಬರೆದರು. ಕೆಳಗೆ ಪುಸ್ತಕದ ಹೆಸರು: ‘ಉಪ್ಪಿನಕಾಯಿ ಹಾಕುವ ಬಗೆ’. ನನ್ನ ಬಾಲ ಹರಡದಂತೆ ಉಫ್ ಎಂದು ಊದಿ ಒಣಗಿಸಿದರು. ಅಂಥ ಅಕ್ಕರೆ ಮತ್ತೆ ಯಾರಿಂದಲೂ ಸಿಗಲಿಲ್ಲ.

ವಾಮನರಾಯರು ನಿವೃತ್ತರಾದ ಮೇಲೆ ಕಂಪ್ಯೂಟರ್ ಬಂತು. ಕಾರ್ಡುಗಳನ್ನು ನೋಡಿ ಟೈಪ್ ಮಾಡಿದವರು ನನ್ನನ್ನೂ ಟೈಪ್ ಮಾಡಿದರು. ಆ ಯಂತ್ರಕ್ಕೆ ಅಲ್ಪವಿರಾಮವೆಂದರೆ ‘ಮುಂದಿನ ಚೌಕಕ್ಕೆ ನಡೆ’ ಎಂದರ್ಥವಂತೆ. ಲೇಖಕರ ಚೌಕದಲ್ಲಿ ಬೂದಿಹಾಳ ಮಾತ್ರ ಉಳಿಯಿತು. ಗಂಗವ್ವ ಪುಸ್ತಕದ ಹೆಸರಿನ ಚೌಕಕ್ಕೆ ಜಾರಿದಳು. ಉಪ್ಪಿನಕಾಯಿ ಹೋಗಿ ಪ್ರಕಾಶಕರ ಚೌಕದಲ್ಲಿ ಕೂತಿತು. ಯಾರೂ ಗಮನಿಸಲಿಲ್ಲ.

ಒಂದು ದಿನ ಗಂಗವ್ವನೇ ಬಂದಳು, ಜೊತೆಗೆ ಮಗಳ ಅತ್ತೆ ಅಂಬಕ್ಕ. ತಾನು ಪುಸ್ತಕ ಬರೆದಿದ್ದೇನೆಂದು ಗಂಗವ್ವ ಮದುವೆಮನೆಯಲ್ಲಿ ಹೇಳಿದ್ದನ್ನು ಅಂಬಕ್ಕ ನಂಬಿರಲಿಲ್ಲ. ಮನೆಯಲ್ಲಿದ್ದ ಪ್ರತಿಗಳನ್ನು ಗೆದ್ದಲು ತಿಂದಿತ್ತು. ಬೀಗರ ಮುಂದೆ ಮಾನ ಉಳಿಯಬೇಕಾದರೆ ಇಲ್ಲಿಯ ಪ್ರತಿಯೇ ಗತಿ.

ಹೊಸ ಗ್ರಂಥಪಾಲಕಿ ರೇಷ್ಮಾ ಪುಸ್ತಕದ ಹೆಸರು ಹಾಕಿ ಹುಡುಕಿದಳು. “ಇಲ್ಲರೀ ಅವ್ವಾರ.”

ಅಂಬಕ್ಕ ಸುಮ್ಮನೆ ಕೆಮ್ಮಿದಳು.

“ಗಂಗವ್ವ ಅಂತ ಹೊಡದು ನೋಡವ್ವಾ,” ಎಂದಳು ಗಂಗವ್ವ.

ಪರದೆಯ ಮೇಲೆ ಬಂದದ್ದನ್ನು ರೇಷ್ಮಾ ಗಟ್ಟಿಯಾಗಿ ಓದಿಬಿಟ್ಟಳು: “ಪುಸ್ತಕದ ಹೆಸರು, ಗಂಗವ್ವ. ಬೆನ್ನು ಹರಿದಿದೆ. ಹೊರಗೆ ಕಳಿಸುವಂತಿಲ್ಲ.”

ಅಂಬಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. “ಮತ್ತ ನಿಮ್ಮನ್ನ ಹೊರಗ ಹ್ಯಾಂಗ ಬಿಟ್ಟಾರ್ರೀ ಬೀಗತೀರ!”

ಗಂಗವ್ವನ ಕಣ್ಣು ತುಂಬಿ ಬಂತು. ರೇಷ್ಮಾ ಗಾಬರಿಯಾಗಿ ಹಳೆಯ ಡ್ರಾಯರ್ ಎಳೆದು ನನ್ನ ಕಾರ್ಡನ್ನು ತೆಗೆದಳು, ಪರದೆಯ ಪಕ್ಕ ಹಿಡಿದಳು. “ಎಲ್ಲಾ ಈ ಬಾಲದ್ದ ಕಿತಾಪತಿ,” ಎಂದು ಉಗುರಿನಿಂದ ನನ್ನನ್ನು ತಿವಿದಳು. ಇಟ್ಟಲ್ಲಿ ನಿಂತದ್ದೂ ತಪ್ಪೇ?

ಕಾರ್ಡಿನ ಸಂಖ್ಯೆ ಹಿಡಿದು ಕಪಾಟಿನಿಂದ ಪುಸ್ತಕ ತಂದಳು. ಮುಖಪುಟದ ಹೆಸರನ್ನು ಅಂಬಕ್ಕ ಬೆರಳಿಟ್ಟು ಓದಿದಳು. ಹಾಳೆ ತಿರುವುತ್ತ ನಿಂಬೆಕಾಯಿಯ ಹಾಳೆಗೆ ಬಂದು ನಿಂತಳು. “ಉಪ್ಪು ಜಾಸ್ತಿ ಆತು,” ಎಂದಳು. ಆದರೆ ಆ ಹಾಳೆ ಬಿಟ್ಟು ಮುಂದೆ ಹೋಗಲಿಲ್ಲ.

ರೇಷ್ಮಾ ಅಂದೇ ಕಂಪ್ಯೂಟರಿನಲ್ಲಿ ಹೆಸರಿಗೊಂದು, ಅಡ್ಡಹೆಸರಿಗೊಂದು ಚೌಕ ಮಾಡಿದಳು. ನನ್ನ ಅಗತ್ಯ ತೀರಿತು. ನನ್ನ ಕಾರ್ಡನ್ನು ಗುರುತಿಗೆಂದು ಅದೇ ನಿಂಬೆಕಾಯಿಯ ಹಾಳೆಯಲ್ಲಿ ಸಿಕ್ಕಿಸಿಟ್ಟಳು.

ಹೋದ ತಿಂಗಳು ಅಂಬಕ್ಕ ಒಬ್ಬಳೇ ಬಂದಿದ್ದಳು. ದನಿ ತಗ್ಗಿಸಿ, “ಗಂಗವ್ವ ಬೂದಿಹಾಳ ಅಂತ, ನಮ್ಮ ಬೀಗರು. ಅವರ ಪುಸ್ತಕ ಕೊಡ್ರೆಲಾ,” ಎಂದಳು. ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದಳು, ನಡುವೆ ಎಲ್ಲೂ ನಿಲ್ಲಲಿಲ್ಲ. ನನಗೇನೂ ಬೇಸರವಾಗಲಿಲ್ಲ.