ಗದ್ದುಗೆ ಕಂಬಳಿ

ಇದನ್ನು ಹೇಳುವ ಯೋಗ್ಯತೆ ನನಗಿದೆಯೆಂಬ ಧೈರ್ಯವಿಲ್ಲ. ಹಟ್ಟಿಯಲ್ಲಿ ಹುಟ್ಟಿದವರಾಗಲಿ, ಪಲ್ಟನ್ನಿನಲ್ಲಿ ದುಡಿದವರಾಗಲಿ ಇನ್ನೂ ಸರಿಯಾಗಿ ಹೇಳಿಯಾರು. ಎಲ್ಲಾದರೂ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ಕಾಟಲಿಂಗಪ್ಪ ಐಮಂಗಲದ ಹತ್ತಿರದ ಒಂದು ಕುರಿಗಾರರ ಹಟ್ಟಿಯವನು, ಮಿಲಿಟರಿಯಲ್ಲಿ ಲಾರಿ ಡ್ರೈವರ್. ಅರವತ್ಮೂರನೇ ಇಸವಿಯಲ್ಲಿ ಅವನನ್ನು ವಿಶ್ವಸಂಸ್ಥೆಯ ಶಾಂತಿಪಡೆಗೆಂದು ಗಾಜಾಕ್ಕೆ ಕಳಿಸಿದರು. ಆಗ ಹೆಂಡತಿ ಚಿತ್ತಮ್ಮ ಚೊಚ್ಚಲ ಬಸುರಿ.

ಆ ಹಟ್ಟಿಯಲ್ಲಿ ಮನೆಯೊಳಗೆ ಹೆರಿಗೆ ಆಗುವಂತಿರಲಿಲ್ಲ. ನೋವು ಕಾಣಿಸಿಕೊಂಡ ಹೆಂಗಸು ಬೇಲಿ ದಾಟಿ ಹೊರಗಿನ ಗುಡಿಸಲಿಗೆ ಹೋಗಬೇಕು. ಸೂತಕ ಕಳೆಯುವ ತನಕ ಬಾಣಂತಿಯೂ ಕೂಸೂ ಅಲ್ಲೇ. ಅದು ಹಿಂದಿನಿಂದ ನಡೆದು ಬಂದದ್ದು. ಯಾರೂ ಯಾಕೆಂದು ಕೇಳುತ್ತಿರಲಿಲ್ಲ.

ಹೊರಡುವ ಮುಂಜಾನೆ ಚಿತ್ತಮ್ಮ ಗೂಟದ ಮೇಲಿದ್ದ ಕರಿ ಕಂಬಳಿ ನೋಡುತ್ತ ಹೇಳಿದಳು: "ಅದನ್ನ ಬಿಟ್ಟು ಹೋಗು. ನನಗೆ ದಿನ ತುಂಬೋದು ಚಳಿಗಾಲದಾಗೆ. ಗುಡ್ಲಿಗೆ ನಾಕೂ ಕಡೆಯಿಂದ ಗಾಳಿ ನುಗ್ಗುತೈತೆ."

ಅದು ಮದುವೆಯಲ್ಲಿ ಗದ್ದುಗೆ ಹಾಸಿದ ಕಂಬಳಿ. ಅದರ ಮೇಲೆ ದೇವರನ್ನು ಇಟ್ಟು ಪೂಜೆ ಮಾಡಿದ್ದರು.

"ಗದ್ದುಗೆ ಕಂಬಳಿ ಗುಡ್ಲಿಗೆ ಹೋಗಂಗಿಲ್ಲ ಕಣೇ," ಎಂದ ಕಾಟಲಿಂಗಪ್ಪ. "ಮೈಲಿಗೆ ಆಗುತೈತೆ. ದೇವ್ರು ಮುನಿಸ್ಕಂಡ್ರೆ ಕೂಸಿಗೇ ಒಳ್ಳೇದಲ್ಲ."

"ಹಂಗಾದ್ರೆ ಗೂಟದ ಮೇಲೇ ಇರ್ಲಿ. ನಾನು ಮುಟ್ಟಾಕಿಲ್ಲ."

ಚಳಿ ಹಿಡಿದರೆ ಮುಟ್ಟೇ ಮುಟ್ಟುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಸುತ್ತಿ ಹೆಗಲಿಗೆ ಹಾಕಿಕೊಂಡ. ಅವ್ವ ಬರಗೇರಮ್ಮ ನಕ್ಕಳು: "ಮರಳುಗಾಡಿಗೆ ಕಂಬಳಿ ಹೊತ್ಕಂಡು ಹೊಂಟಾನೆ ನೋಡ್ರಿ ನನ್ನ ಮಗ. ಅಲ್ಲಿ ಬಿಸಿಲಿಗೆ ಹೊದ್ಕಂತಾನೇನೋ." ಚಿತ್ತಮ್ಮ ನಗಲಿಲ್ಲ.

ಮರಳುಗಾಡಿನ ಚಳಿ ಅವರಿಗೇನು ಗೊತ್ತು. ಡಿಸೆಂಬರ್ ಬಂದಾಗ ಗಾಜಾದ ಡೇರೆಗಳೊಳಗೆ ನೀರಿನ ಮಗ್ಗು ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಊರಿನಿಂದ ಬರುವ ಕಾಗದದಲ್ಲಿ ಎಲ್ಲರೂ ಕ್ಷೇಮ ಎಂಬುದಷ್ಟೇ. ಕಾಟಲಿಂಗಪ್ಪ ಲಾರಿ ಓಡಿಸುತ್ತ, ಇವತ್ತು ಗುಡಿಸಲಿಗೆ ಹೋಗಿದ್ದಾಳೋ, ನಾಳೆಯೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ.

ಕ್ರಿಸ್‌ಮಸ್ಸಿನ ಹಿಂದಿನ ಮಧ್ಯಾಹ್ನ ಇನ್ನಾಸಪ್ಪ ಕೂಗಿದ. ಅವನು ಚಿಕ್ಕಜಾಜೂರಿನ ರೈಲ್ವೆ ಗ್ಯಾಂಗ್‌ಮನ್ ಮಗ, ಅದೇ ತುಕಡಿಯ ನಾಯಕ್. ರೇಷನ್ ಪೆಟ್ಟಿಗೆಗಳನ್ನು ಒಡೆದು ಒಂದು ಪುಟ್ಟ ಕೊಟ್ಟಿಗೆ ಕಟ್ಟುತ್ತಿದ್ದ.

"ಲೇ ಕಾಟಾ, ಇಲ್ಲಿ ಕುರಿ ಕಾಯ್ದೋನು ನೀನೊಬ್ನೇ. ಸರಿಯಾಗೈತಾ ನೋಡು ಬಾ."

"ದೇವ್ರಿಗೆ ಗುಡಿ ಕಟ್ಟಾದು ಬಿಟ್ಟು ಕೊಟ್ಟಿಗೆ ಯಾಕಣ್ಣ?"

"ನಮ್ಮ ದೇವ್ರು ಹುಟ್ಟಿದ್ದೇ ಅಲ್ಲಿ. ತಾಯಿ ದಿನ ತುಂಬಿದ ಬಸುರಿ. ಊರಾಗೆ ಯಾರೂ ಜಾಗ ಕೊಡ್ಲಿಲ್ಲ. ಕೊಟ್ಟಿಗೇಲಿ ಹೆತ್ತಳು. ಮೊದ್ಲು ನೋಡಾಕೆ ಬಂದೋರು ಯಾರು ಗೊತ್ತಾ? ಅಡವೀಲಿ ಕುರಿ ಕಾಯ್ತಿದ್ದ ನಿಮ್ಮಂಥೋರು."

ಕಾಟಲಿಂಗಪ್ಪ ಕುಕ್ಕರಗಾಲಲ್ಲಿ ಕುಳಿತ. "ಬಾಣಂತೀನ ಹೊರಗೆ ಹಾಕಿದ್ರಾ?"

"ಹಂಗೇ ಅಂತಿಟ್ಕ."

"ಸೂತಕದಾಗೆ ಕುರಿಯೋರು ಒಳಗೆ ಹೋದ್ರಾ?"

"ಹೋದ್ರಪ್ಪ. ಸೂತಕ ಗೀತಕ ಅಂತ ಯಾರು ನೋಡಿದ್ರು."

"ಚಳಿ ಇತ್ತಾ?"

"ಇದೇ ಚಳಿ. ಆ ಊರು ಇಲ್ಲಿಂದ ಭಾಳ ದೂರ ಏನಿಲ್ಲ."

ಕಾಟಲಿಂಗಪ್ಪ ಕೊಟ್ಟಿಗೆಯನ್ನು ಸುತ್ತ ನೋಡಿದ. "ಗಾಳಿ ಬರೋ ಕಡೆಗೇ ಬಾಗ್ಲು ಇಟ್ಟಿದೀಯಲ್ಲ," ಎಂದು ತಾನೇ ಅದನ್ನು ತಿರುಗಿಸಿದ. ಆಮೇಲೆ ಡೇರೆಗೆ ಹೋಗಿ ಗದ್ದುಗೆ ಕಂಬಳಿ ತಂದು, ಮಡಿಸಿ, ಇನ್ನಾಸಪ್ಪ ಗಾಜಾ ಪೇಟೆಯಿಂದ ತಂದು ಒಳಗೆ ಮಲಗಿಸಿದ್ದ ಕೂಸಿನ ಬೊಂಬೆಗೆ ಕತ್ತಿನ ತನಕ ಹೊದಿಸಿದ.

"ಇಷ್ಟೇ ಗಾತ್ರದ ಬೊಂಬೆಗೆ ಅಷ್ಟು ದೊಡ್ಡ ಕಂಬಳಿನಾ? ಉಸಿರು ಕಟ್ಟುತೈತೆ ಕಣಲೇ," ಎಂದ ಇನ್ನಾಸಪ್ಪ. ಕಾಟಲಿಂಗಪ್ಪನ ಮುಖ ನೋಡಿ ತನ್ನ ಮನೆಯದನ್ನು ಹೇಳಿಕೊಂಡ: "ನಮ್ಮಮ್ಮ ಇವತ್ತು ಕಜ್ಜಾಯ ಸುಡ್ತಿರ್ತಾಳೆ. ನನ್ನ ಪಾಲಿಂದು ತೆಗೆದಿಡ್ತಾಳೆ. ಬೂಷ್ಟು ಹಿಡಿದ್ರೂ ಯಾರಿಗೂ ಮುಟ್ಟಾಕೆ ಬಿಡಾಕಿಲ್ಲ."

ಹೊತ್ತು ಮುಳುಗುವಾಗ ಮೇಣದ ಬತ್ತಿ ಹಚ್ಚಿ, ಬಂದವರೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ಹಾಡಿದರು. ಮೇಣ ಕರಗಿ ಕಂಬಳಿಯ ಅಂಚಿಗೆ ಬಿತ್ತು. ಕಾಟಲಿಂಗಪ್ಪನಿಗೆ ಹಾಡು ತಿಳಿಯಲಿಲ್ಲ. ಗದ್ದುಗೆ ಕಂಬಳಿ ಬಾಣಂತಿಯ ಗುಡಿಸಲಲ್ಲಿದೆ, ಕೂಸಿನ ಮೈಮೇಲಿದೆ, ದೇವರು ಮುನಿಯಲಿಲ್ಲ. ಅದರ ಕೆಳಗೆ ಮಲಗಿರುವುದೇ ದೇವರಂತೆ. ಅಷ್ಟೇ ಅವನಿಗೆ ತಿಳಿದದ್ದು, ಅದೇ ಅವನ ಎದೆಗೆ ನಾಟಿತು.

"ಇನ್ನಾಸಣ್ಣ, ಈ ಕಂಬಳೀನ ಊರಿಗೆ ಕಳ್ಸಾಕೆ ಆಗುತೈತಾ?"

"ಹಡಗಿನಾಗೆ ಹೋಗಿ ಸೇರಾದ್ರೊಳಗೆ ಬೇಸಿಗೆ ಬರ್ತೈತೆ. ಯಾಕೋ?"

"ಸುಮ್ನೆ ಕೇಳ್ದೆ."

ಮುಂದೆ ಬಂದ ಕಾಗದಗಳಲ್ಲೂ ಎಲ್ಲರೂ ಕ್ಷೇಮ. ಮಗುವಿನ ಸುದ್ದಿ ಇರಲಿಲ್ಲ. ಹೆಸರಿಡಲು ಅಪ್ಪನಿಗಾಗಿ ಕಾಯುತ್ತಿದ್ದಾರೆ, ಅದಕ್ಕೇ ಬರೆದಿಲ್ಲ ಎಂದುಕೊಂಡ. ಗಾಜಾ ಪೇಟೆಯಲ್ಲಿ ಒಂದು ಉಣ್ಣೆ ಕುಲಾವಿ ಕೊಂಡ. ದೂರದಲ್ಲಿರುವವನಿಗೆ ಸಾವಿನ ಸುದ್ದಿ ಮುಟ್ಟಿಸಬಾರದೆಂದು ಹಟ್ಟಿಯ ಹಿರಿಯರು ತೀರ್ಮಾನಿಸಿದ್ದು ಅವನಿಗೆ ಗೊತ್ತಾಗುವ ಬಗೆಯಿರಲಿಲ್ಲ.

ಮರುವರ್ಷ ಐಮಂಗಲದಲ್ಲಿ ಬಸ್ಸಿಳಿದು ನಡೆದ. ಹಟ್ಟಿಗೆ ಮುಂಚೆಯೇ ಬಯಲಲ್ಲಿ ಚಿತ್ತಮ್ಮ ಕುರಿ ಮೇಯಿಸುತ್ತ ನಿಂತಿದ್ದಳು. ಕಂಕುಳಲ್ಲಿ ಏನೂ ಇರಲಿಲ್ಲ.

"ಕೂಸು ಅವ್ವನ ತಾವ ಐತಾ?" ಎಂದು ಕೇಳಿದ.

"ಗಂಡು ಹುಟ್ಟಿತ್ತು," ಎಂದಳು. "ಚಳಿಗೆ ಹೋತು."

"ಯಾವಾಗ?"

"ಎಲಚಿ ಹಣ್ಣಾಗೋ ಕಾಲ. ಗುಡ್ಲಾಗೆ ಇದ್ದೋಳಿಗೆ ದಿನ ಯಾವುದು, ವಾರ ಯಾವುದು. ನನ್ನ ಸೀರೆ ಸುತ್ತಿದ್ದೆ. ಬೆಂಕಿ ಮಾಡಿದ್ದೆ. ಗಾಳಿ."

ಅವನ ಹೆಗಲ ಮೇಲಿನ ಕಂಬಳಿಯನ್ನು ಎಳೆದುಕೊಂಡು, ಅಂಚಿನಲ್ಲಿ ಬೆಳ್ಳಗೆ ಕಚ್ಚಿದ್ದ ಮೇಣವನ್ನು ಮುಟ್ಟಿ ನೋಡಿದಳು. "ಇದೇನು?"

ಕಾಟಲಿಂಗಪ್ಪ ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ. ಕೊಟ್ಟಿಗೆ, ಬಾಣಂತಿ, ಬೊಂಬೆ, ಎಲ್ಲ ಹೇಳಿದ. ಚಿತ್ತಮ್ಮ ಕೊನೆಯವರೆಗೆ ಕೇಳಿದಳು.

"ಆ ಕೂಸು ಬೆಚ್ಚಗಿತ್ತಾ?"

"ಅದು ಬೊಂಬೆ ಕಣೇ."

ಅವಳು ನೆಲದ ಮೇಲೆ ಕುಳಿತು, ಉಗುರಿನಿಂದ ಮೇಣವನ್ನು ಕೆರೆಯತೊಡಗಿದಳು. ಕಿಸೆಯಲ್ಲಿದ್ದ ಕುಲಾವಿಯನ್ನು ಅವನು ಹೊರಗೆ ತೆಗೆಯಲಿಲ್ಲ.

ಮಗು ಸತ್ತದ್ದು ಆ ಕ್ರಿಸ್‌ಮಸ್ಸಿಗೆ ಮುಂಚೆಯೋ, ಆಮೇಲೋ, ನನಗೆ ಗೊತ್ತಿಲ್ಲ. ಕಂಬಳಿಯೊಂದು ಇದ್ದಿದ್ದರೆ ಅದು ಉಳಿಯುತ್ತಿತ್ತೇ ಎಂಬುದೂ ಗೊತ್ತಿಲ್ಲ. ಚಿತ್ತಮ್ಮನಿಗೆ ಗೊತ್ತಿತ್ತೇನೋ, ಅವಳು ಯಾರಿಗೂ ಹೇಳಿದಂತಿಲ್ಲ.